ಆಕಾಶದ ಕಂಬಳಿಯೂ ನಮ್ಮ ಮನೆವಾರ್ತೆಯೂ



ಮಳೆಯು ತಕ್ಕ ಕಾಲದಲ್ಲಿ ಬಾರದೆ ಹೋದಾಗಲೂ, ಅಕಾಲದಲ್ಲಿ ಸುರಿದು ಕೊಯ್ಲಿಗೆ ಬಂದ ಪೈರನ್ನು ಕೆಡಿಸಿದಾಗಲೂ, ನಮ್ಮ ಹಳ್ಳಿಗಳಲ್ಲಿ ಮೂರು ಬಗೆಯ ಮಾತುಗಳು ಕೇಳಬರುತ್ತವೆ. ಕೆಲವರು, "ಇದು ದೇವರ ಕೋಪ, ಈ ಊರಲ್ಲಿ ಯಾರೋ ದೊಡ್ಡ ಪಾಪವನ್ನು ಮಾಡಿರಬೇಕು" ಅನ್ನುತ್ತಾರೆ. ಬೇರೆ ಕೆಲವರು, "ಇದು ಕಡೇ ದಿವಸಗಳ ಗುರುತು, ಇನ್ನು ಕೆರೆಯ ಕಟ್ಟೆ ಕಟ್ಟುವದು ಯಾಕೆ, ಗಿಡ ನೆಡುವದು ಯಾಕೆ?" ಎಂದು ಕೈಕಟ್ಟಿ ಕೂತುಕೊಳ್ಳುತ್ತಾರೆ. ಇನ್ನು ಕೆಲವರು, "ಇದು ದೊಡ್ಡ ದೇಶಗಳ ದೊಡ್ಡ ಜನರು ಮಾಡಿದ ಕೆಲಸ; ಬಡವರಾದ ನಮಗೂ ಇದಕ್ಕೂ ಏನು?" ಎಂದು ಸುಮ್ಮಗಾಗುತ್ತಾರೆ. ಈ ಮೂರು ಮಾತುಗಳಲ್ಲಿ ಯಾವದು ಎಷ್ಟರ ಮಟ್ಟಿಗೆ ಸತ್ಯ, ಯಾವದು ನಮ್ಮನ್ನು ತಪ್ಪುದಾರಿಗೆ ಎಳೆಯುತ್ತದೆ ಎಂಬದನ್ನು ತಿಳಿಯದೆ ಹೋದರೆ ನಮಗೆ ಎರಡು ವಿಧವಾದ ನಷ್ಟವುಂಟು. ಒಂದನೆಯದು, ನಿರಪರಾಧಿಯಾದ ನೆರೆಯವನ ಮೇಲೆ ಅಪವಾದವನ್ನು ಹೊರಿಸುವೆವು. ಎರಡನೆಯದು, ನಮ್ಮ ಕೈಯಿಂದಾಗುವ ಕೆಲಸವನ್ನು ಬಿಟ್ಟುಬಿಡುವೆವು. ಆದದರಿಂದ ಭೂಮಿಯ ಮೇಲೆ ಹೆಚ್ಚುತ್ತಿರುವ ಈ ಕಾವಿನ ಕಾರಣವೇನು, ಅದು ಹೇಗೆ ತಿಳಿದುಬಂತು, ಅದರ ಫಲವೇನು, ಅದಕ್ಕೆ ನಮ್ಮ ಉತ್ತರವೇನು ಎಂಬ ನಾಲ್ಕು ಸಂಗತಿಗಳನ್ನು ಕ್ರಮವಾಗಿ ವಿಚಾರಿಸೋಣ.

ಒಂದನೆಯದು: ಕಂಬಳಿಯು ಒಳ್ಳೇ ದಾನವೇ.

ನಾವು ಉಸಿರಾಡುವ ಗಾಳಿಯನ್ನು, ಅದರಲ್ಲಿರುವ ತೇವವನ್ನು ಬಿಟ್ಟು, ನೂರು ಪಾಲು ಮಾಡಿದರೆ ಸುಮಾರು ೭೮ ಪಾಲು ಸಾರಜನಕವೂ ೨೧ ಪಾಲು ಆಮ್ಲಜನಕವೂ ಇರುತ್ತವೆ. ಮಿಕ್ಕ ಒಂದು ಪಾಲಿನಲ್ಲಿ ಹೆಚ್ಚಿನದು ಆರ್ಗಾನ್ ಎಂಬ ವಾಯು. ಈಗಿನ ಶಾಲೆಯ ಪುಸ್ತಕಗಳಲ್ಲಿ ಇಂಗಾಲದ ಡೈಆಕ್ಸೈಡ್ ಎಂದು ಕರೆಯಲ್ಪಡುವ ಇಂಗಾಲಾಮ್ಲ ವಾಯುವಾದರೋ ಹತ್ತು ಸಾವಿರ ಪಾಲುಗಳಲ್ಲಿ ಸುಮಾರು ನಾಲ್ಕು ಪಾಲು ಮಾತ್ರ. ಇಷ್ಟು ಅಲ್ಪವಾದದ್ದು ಏನು ಮಾಡೀತು ಎಂದು ಕೇಳುವಿರೋ? ಹಾಲಿನ ಗಡಿಗೆಗೆ ಹೆಪ್ಪು ಎಷ್ಟು ಬೇಕೆಂದು ಮನೆಯ ಹೆಂಗಸರನ್ನು ಕೇಳಿರಿ. ಒಂದು ಚಮಚ ಮಜ್ಜಿಗೆಯು ಗಡಿಗೆಯ ಹಾಲನ್ನೆಲ್ಲಾ ಮೊಸರಾಗಿ ಮಾಡುತ್ತದೆ. ಅಲ್ಪವಾದದ್ದರ ಬಲವನ್ನು ಪ್ರಮಾಣದಿಂದ ಅಳೆಯಬಾರದು. ಅದು ಮಾಡುವ ಕೆಲಸದಿಂದ ಅಳೆಯಬೇಕು.

ಇದರ ಕೆಲಸವು ಏನಂದರೆ: ಸೂರ್ಯನ ಬೆಳಕು ಗಾಳಿಯನ್ನು ದಾಟಿ ನೆಲಕ್ಕೆ ಬೀಳುತ್ತದೆ. ನೆಲವು ಕಾಯುತ್ತದೆ. ಕಾದ ನೆಲವು ಆ ಕಾವನ್ನು ಕಣ್ಣಿಗೆ ಕಾಣದ ಕಿರಣಗಳಾಗಿ ಮೇಲಕ್ಕೆ ಹಿಂದಿರುಗಿಸುತ್ತದೆ. ಸಾರಜನಕವೂ ಆಮ್ಲಜನಕವೂ ಆ ಕಿರಣಗಳನ್ನು ತಡೆಯದೆ ಬಿಟ್ಟುಬಿಡುತ್ತವೆ. ಆದರೆ ನೀರಾವಿ, ಇಂಗಾಲಾಮ್ಲ, ಮೀಥೇನ್, ನೈಟ್ರಸ್ ಆಕ್ಸೈಡ್ ಎಂಬ ವಾಯುಗಳು ಅವುಗಳನ್ನು ಹಿಡಿದುಕೊಂಡು, ಒಂದು ಪಾಲನ್ನು ತಿರುಗಿ ನೆಲದ ಕಡೆಗೆ ಕಳುಹಿಸುತ್ತವೆ. ಮಾಗಿಯ ಕಾಲದಲ್ಲಿ ಮೋಡವಿಲ್ಲದ ಒಣರಾತ್ರಿಯು ಮೋಡ ಕವಿದ ರಾತ್ರಿಗಿಂತ ಹೆಚ್ಚು ಕೊರೆಯುವದನ್ನು ಹೊಲ ಕಾಯುವವರೆಲ್ಲರೂ ಬಲ್ಲರು. ಮೋಡವೂ ತೇವವೂ ನೆಲದ ಕಾವನ್ನು ಹಿಡಿದಿಡುವದರಿಂದಲೇ ಹೀಗಾಗುತ್ತದೆ. ಚಳಿಯ ದೇಶಗಳಲ್ಲಿ ಗಾಜಿನ ಮನೆಯೊಳಗೆ ಗಿಡಗಳನ್ನು ಬೆಚ್ಚಗೆ ಬೆಳೆಸುವದುಂಟು. ಆ ಹೋಲಿಕೆಯಿಂದ ಪಂಡಿತರು ಈ ವಾಯುಗಳಿಗೆ ಹಸಿರುಮನೆ ಅನಿಲಗಳೆಂದು ಹೆಸರಿಟ್ಟರು. ನಮ್ಮ ಒಕ್ಕಲುಗಳಿಗೆ ಕಂಬಳಿಯ ಕೊಪ್ಪೆಯೇ ಹೆಚ್ಚು ಪರಿಚಯವಾದ ಹೋಲಿಕೆ. ಕಂಬಳಿಯು ತಾನಾಗಿ ಕಾವನ್ನು ಹುಟ್ಟಿಸುವದಿಲ್ಲ. ಮೈಯ ಕಾವು ಬೇಗ ಹೊರಗೆ ಹೋಗದಂತೆ ತಡೆಯುತ್ತದೆ.

ಈ ಕಂಬಳಿಯು ಇಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣಮಾನವು ಸೊನ್ನೆಗಿಂತ ೧೮ ಡಿಗ್ರಿ ಕೆಳಗೆ ಇರುತ್ತಿತ್ತು. ಕೆರೆಗಳೂ ಹೊಳೆಗಳೂ ಮಂಜುಗಡ್ಡೆಯಾಗಿ ನಿಲ್ಲುತ್ತಿದ್ದವು. ಕಂಬಳಿ ಇರುವದರಿಂದಲೇ ಅದು ಸುಮಾರು ೧೫ ಡಿಗ್ರಿಯಷ್ಟು ಇದ್ದು, ಬಿತ್ತುವದಕ್ಕೂ ಬೆಳೆಯುವದಕ್ಕೂ ಅನುಕೂಲವಾಗಿದೆ. ಸೂರ್ಯನಿಂದ ಹೆಚ್ಚು ಕಡಿಮೆ ನಮ್ಮಷ್ಟೇ ದೂರದಲ್ಲಿರುವ ಚಂದ್ರನಿಗೆ ಗಾಳಿಯ ಹೊದಿಕೆ ಇಲ್ಲ. ಅಲ್ಲಿ ಹಗಲು ನೀರು ಕುದಿಯುವದಕ್ಕಿಂತ ಹೆಚ್ಚಾದ ಕಾವು. ರಾತ್ರಿ ಸೊನ್ನೆಗಿಂತ ನೂರು ಡಿಗ್ರಿಗೂ ಕೆಳಗಿನ ಚಳಿ. ಹೀಗಿರಲಾಗಿ ಇಂಗಾಲಾಮ್ಲ ವಾಯುವನ್ನು ವಿಷವೆಂದು ನಿಂದಿಸುವದು ಸರಿಯಲ್ಲ. ಅದು ಸೃಷ್ಟಿಕರ್ತನು ಅಳತೆಯಿಟ್ಟು ಕೊಟ್ಟ ದಾನ, ಗಿಡಮರಗಳಿಗೆ ಆಹಾರ, ನಮಗೆ ಹೊದಿಕೆ. ಕೇಡು ಇರುವದು ಅಳತೆಯನ್ನು ಮೀರಿದ್ದರಲ್ಲಿ. ಸಾರಿಗೆ ಉಪ್ಪು ಬೇಕು. ಅದೇ ಉಪ್ಪು ಮೂರರಷ್ಟು ಬಿದ್ದರೆ ಆ ಸಾರನ್ನು ಯಾರು ಉಂಡಾರು?

ಎರಡನೆಯದು: ಅಳತೆ ಮೀರಿದ್ದು ಹೇಗೆ ತಿಳಿದುಬಂತು.

ಇದು ನಿನ್ನೆ ಮೊನ್ನೆ ಹುಟ್ಟಿದ ಸುದ್ದಿಯೆಂದು ಭಾವಿಸಬಾರದು. ಗಾಳಿಯು ಭೂಮಿಯ ಕಾವನ್ನು ಹಿಡಿದಿಡುತ್ತದೆಂಬ ವಿಚಾರವನ್ನು ಫ್ರಾನ್ಸ್ ದೇಶದ ಫೂರಿಯೇ ಎಂಬ ಗಣಿತಜ್ಞನು ೧೮೨೪ರಲ್ಲಿ ಬರೆದನು. ಅಮೇರಿಕದಲ್ಲಿ ಯೂನಿಸ್ ಫುಟ್ ಎಂಬ ಸ್ತ್ರೀಯು ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ವಾಯುಗಳನ್ನು ತುಂಬಿ, ಒಳಗೆ ಉಷ್ಣಮಾಪಕಗಳನ್ನಿಟ್ಟು, ಬಿಸಿಲಿಗೆ ಇಟ್ಟು ನೋಡಿದಳು. ಇಂಗಾಲಾಮ್ಲ ತುಂಬಿದ ಕೊಳವೆಯು ಎಲ್ಲಕ್ಕಿಂತ ಹೆಚ್ಚು ಕಾದು, ತಣಿಯುವದಕ್ಕೆ ಬಹಳ ಹೊತ್ತು ತೆಗೆದುಕೊಂಡಿತು. ಇಂಥ ವಾಯು ಹೆಚ್ಚಾದರೆ ಭೂಮಿಯೂ ಹೆಚ್ಚು ಕಾದೀತೆಂದು ಆಕೆಯು ಊಹಿಸಿದಳು. ೧೮೫೬ರಲ್ಲಿ ಪಂಡಿತರ ಸಭೆಯಲ್ಲಿ ಆಕೆಯ ಲೇಖನವನ್ನು ಓದಿದವನು ಬೇರೊಬ್ಬ ಪುರುಷನು. ಆಮೇಲೆ ನೂರು ವರುಷಕ್ಕಿಂತ ಹೆಚ್ಚು ಕಾಲ ಆಕೆಯ ಹೆಸರನ್ನು ಲೋಕವು ಮರೆತಿತ್ತು. ೧೮೫೯ರಿಂದ ಲಂಡನಿನಲ್ಲಿ ಜಾನ್ ಟಿಂಡಾಲ್ ಎಂಬವನು ಇನ್ನೂ ಸೂಕ್ಷ್ಮವಾದ ಯಂತ್ರಗಳಿಂದ, ಕಾಣದ ಕಾವಿನ ಕಿರಣಗಳನ್ನು ಯಾವ ವಾಯು ಎಷ್ಟು ಹೀರುತ್ತದೆಂದು ಅಳೆದನು. ೧೮೯೬ರಲ್ಲಿ ಸ್ವೀಡನ್ ದೇಶದ ಅರೇನಿಯಸ್ ಎಂಬವನು, ಈ ವಾಯು ಎರಡರಷ್ಟಾದರೆ ಭೂಮಿಯು ಎಷ್ಟು ಕಾದೀತೆಂದು ಕಾಗದದ ಮೇಲೆ ಲೆಕ್ಕ ಮಾಡಿ, ೫ರಿಂದ ೬ ಡಿಗ್ರಿ ಎಂದು ಹೇಳಿದನು. ಈಗಿನ ಲೆಕ್ಕದ ಪ್ರಕಾರ ಅದು ಸುಮಾರು ೩ ಡಿಗ್ರಿ. ಆ ಹಳೆಯ ಲೆಕ್ಕವು ಸ್ವಲ್ಪ ಹೆಚ್ಚಾಗಿದ್ದರೂ ದಾರಿ ಸರಿಯಾಗಿತ್ತು.

ಆದರೆ ವಾಯುವು ನಿಜವಾಗಿ ಹೆಚ್ಚುತ್ತದೋ ಎಂಬದನ್ನು ದಿನದಿನವೂ ಅಳೆದು ನೋಡಿದವರು ಯಾರು? ಪೆಸಿಫಿಕ್ ಸಮುದ್ರದ ನಡುವೆ ಇರುವ ಹವಾಯಿ ದ್ವೀಪದಲ್ಲಿ ಮೌನ ಲೋವ ಎಂಬ ದೊಡ್ಡ ಬೆಟ್ಟವುಂಟು. ಊರುಗಳ ಹೊಗೆ ತಲಪದ ಆ ಎತ್ತರದಲ್ಲಿ ಚಾರ್ಲ್ಸ್ ಕೀಲಿಂಗ್ ಎಂಬ ಅಮೇರಿಕದ ವಿಜ್ಞಾನಿಯು ೧೯೫೮ರಲ್ಲಿ ಅಳತೆಯ ಯಂತ್ರವನ್ನು ನಿಲ್ಲಿಸಿದನು. ಆಗ ಗಾಳಿಯ ಹತ್ತು ಲಕ್ಷ ಪಾಲುಗಳಲ್ಲಿ ಇಂಗಾಲಾಮ್ಲವು ಸುಮಾರು ೩೧೫ ಪಾಲು ಇತ್ತು. ಮೊದಲು ಕಂಡ ಆಶ್ಚರ್ಯವೇನಂದರೆ, ಅದು ವರುಷಕ್ಕೊಮ್ಮೆ ಏರಿ ಇಳಿಯುತ್ತಿತ್ತು. ಭೂಗೋಲದ ಉತ್ತರಾರ್ಧದಲ್ಲಿ ವಸಂತ ಬಂದು ಕಾಡುಗಳು ಚಿಗುರುವಾಗ ಎಲೆಗಳು ಈ ವಾಯುವನ್ನು ಕುಡಿಯುತ್ತವೆ, ಆಗ ಲೆಕ್ಕ ಇಳಿಯುತ್ತದೆ. ಎಲೆಗಳು ಉದುರಿ ಕೊಳೆಯುವಾಗ ಲೆಕ್ಕ ಏರುತ್ತದೆ. ಭೂಮಿಯೇ ಉಸಿರಾಡುವ ಹಾಗೆ ಅದು ಕಂಡಿತು. ಎರಡನೆಯದಾಗಿ ಕಂಡದ್ದು ಭಯಪಡತಕ್ಕದ್ದು. ಪ್ರತಿ ವರುಷವೂ ಉಸಿರು ಇಳಿದಾಗ ಹಿಂದಿನ ವರುಷದ ಮಟ್ಟಕ್ಕೆ ಇಳಿಯಲಿಲ್ಲ. ಒಂದೊಂದು ಮೆಟ್ಟಲು ಮೇಲೆಯೇ ನಿಂತಿತು. ಕೀಲಿಂಗನು ೨೦೦೫ರಲ್ಲಿ ತೀರಿಹೋಗುವ ವರೆಗೂ ಈ ಲೆಕ್ಕವನ್ನು ಬಿಡಲಿಲ್ಲ. ೨೦೨೪ರಲ್ಲಿ ಅದು ೪೨೦ನ್ನು ದಾಟಿತ್ತು. ದಕ್ಷಿಣ ಧ್ರುವದ ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡಿರುವ ಪುರಾತನ ಗಾಳಿಯ ಗುಳ್ಳೆಗಳನ್ನು ತೆಗೆದು ಪರೀಕ್ಷಿಸಿದಾಗ, ೧೭೫೦ರ ಸುಮಾರಿಗೆ ಅದು ೨೮೦ರ ಹತ್ತಿರ ಇತ್ತೆಂದೂ, ಅದಕ್ಕಿಂತ ಹಿಂದಿನ ೮ ಲಕ್ಷ ವರುಷಗಳಲ್ಲಿ ಸುಮಾರು ೩೦೦ನ್ನು ಮೀರಿರಲಿಲ್ಲವೆಂದೂ ತಿಳಿದುಬಂತು.

"ಇದು ಮನುಷ್ಯನ ಕೆಲಸವೆಂದು ಹೇಗೆ ಹೇಳುವಿರಿ? ಬೆಂಕಿಬೆಟ್ಟಗಳು ಹೊಗೆ ಬಿಡುವದಿಲ್ಲವೋ?" ಎಂದು ಕೇಳುವವರುಂಟು. ಕೇಳತಕ್ಕ ಪ್ರಶ್ನೆಯೇ. ಬೆಂಕಿಬೆಟ್ಟಗಳೂ ಈ ವಾಯುವನ್ನು ಬಿಡುತ್ತವೆ. ಆದರೆ ಅವು ವರುಷಕ್ಕೆ ಬಿಡುವದು ಮನುಷ್ಯರು ಬಿಡುವದರಲ್ಲಿ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಅಲ್ಲದೆ ಕಲ್ಲಿದ್ದಲಿನ ಇಂಗಾಲಕ್ಕೆ ತನ್ನದೇ ಗುರುತು ಉಂಟು. ಈಗ ಬದುಕಿರುವ ಗಿಡಮರಗಳ ಇಂಗಾಲದಲ್ಲಿ, ತಾನಾಗಿ ಕ್ಷಯಿಸುತ್ತಾ ಹೋಗುವ ಒಂದು ವಿಧದ ಇಂಗಾಲವು ಅತ್ಯಲ್ಪವಾಗಿ ಸೇರಿರುತ್ತದೆ. ನೆಲದಡಿಯಲ್ಲಿ ಕೋಟ್ಯಂತರ ವರುಷ ಹೂಳಿದ್ದ ಕಲ್ಲಿದ್ದಲಿನಲ್ಲಿಯೂ ಎಣ್ಣೆಯಲ್ಲಿಯೂ ಅದು ಪೂರ್ತಿಯಾಗಿ ಕ್ಷಯಿಸಿಹೋಗಿದೆ. ಗಾಳಿಯಲ್ಲಿ ಆ ಜೀವಂತ ಗುರುತು ತೆಳುವಾಗುತ್ತಾ ಬಂದದ್ದನ್ನು ಹಾನ್ಸ್ ಸ್ಯೂಸ್ ಎಂಬ ವಿಜ್ಞಾನಿಯು ೧೯೫೫ರಲ್ಲಿ ತೋರಿಸಿದನು. ಸೂರ್ಯನೇ ಹೆಚ್ಚು ಉರಿಯುತ್ತಿದ್ದರೆ ಮೇಲಿನ ಗಾಳಿಯೂ ಕೆಳಗಿನ ಗಾಳಿಯೂ ಎರಡೂ ಕಾಯಬೇಕಾಗಿತ್ತು. ಕಂಡದ್ದಾದರೋ, ಕೆಳಗಿನ ಗಾಳಿ ಕಾಯುತ್ತದೆ, ಅತಿ ಮೇಲಿನದು ತಣಿಯುತ್ತದೆ. ದಪ್ಪ ಕಂಬಳಿ ಹೊದ್ದವನ ಮೈ ಬೆಚ್ಚಗಾಗಿ ಕಂಬಳಿಯ ಹೊರಮೈ ತಣ್ಣಗಿರುವ ಹಾಗೆಯೇ ಇದು.

ಒಂದು ಲೆಕ್ಕವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿರಿ. ಉರಿಯುವ ಇಂಗಾಲಕ್ಕೆ ಗಾಳಿಯ ಆಮ್ಲಜನಕವು ಕೂಡಿಕೊಳ್ಳುವದರಿಂದ, ೧೨ ಕಿಲೋ ಇಂಗಾಲವು ಉರಿದರೆ ೪೪ ಕಿಲೋ ಇಂಗಾಲಾಮ್ಲ ವಾಯು ಹುಟ್ಟುತ್ತದೆ. ಉರಿದದ್ದು ಬೂದಿಯಾಗಿ ಮುಗಿಯಿತೆಂದು ನಮ್ಮ ಕಣ್ಣು ಹೇಳುತ್ತದೆ. ಆದರೆ ಅದು ಮೂರುವರೆಯಷ್ಟಕ್ಕಿಂತಲೂ ಹೆಚ್ಚು ಭಾರವಾಗಿ ಆಕಾಶಕ್ಕೆ ಹೋಗಿದೆ. ಲೋಕದ ಜನರು ಕಲ್ಲಿದ್ದಲು, ಎಣ್ಣೆ, ನೆಲದ ಅನಿಲ ಇವುಗಳನ್ನು ಉರಿಸಿ ವರುಷಕ್ಕೆ ಬಿಡುವದು ಸುಮಾರು ೩೭೦೦ ಕೋಟಿ ಟನ್. ಅದಕ್ಕೆ ಕಾಡುಗಳನ್ನು ಕಡಿದು ಸುಡುವದರಿಂದ ಬರುವದೂ ಕೂಡುತ್ತದೆ. ಇದರಲ್ಲಿ ಸುಮಾರು ಅರ್ಧವನ್ನು ಸಮುದ್ರವೂ ಗಿಡಮರಗಳೂ ನೆಲವೂ ಹೀರಿಕೊಳ್ಳುತ್ತವೆ. ಮಿಕ್ಕ ಅರ್ಧವು ಗಾಳಿಯಲ್ಲಿ ಉಳಿಯುತ್ತದೆ. ಅದರಲ್ಲಿ ಒಂದು ಪಾಲು ಸಾವಿರಾರು ವರುಷ ಉಳಿಯುವದು. ನೀರಾವಿಯು ಹತ್ತು ದಿವಸಗಳೊಳಗಾಗಿ ಮಳೆಯಾಗಿ ಇಳಿದುಬಿಡುತ್ತದೆ. ಇಂಗಾಲಾಮ್ಲಕ್ಕೆ ಅಂಥ ಇಳಿಯುವಿಕೆ ಇಲ್ಲ. ತಂದೆಯು ಮಾಡಿದ ಸಾಲವನ್ನು ಮೊಮ್ಮಗನು ತೀರಿಸುವಂತೆ ಇದು ತಲೆಮಾರುಗಳ ಮೇಲೆ ನಿಲ್ಲುವ ಸಾಲ.

ಮೂರನೆಯದು: ಇದರ ಫಲವೇನು.

೧೮೫೦ರಿಂದ ೧೯೦೦ರ ವರೆಗಿನ ಕಾಲಕ್ಕೆ ಹೋಲಿಸಿದರೆ ೨೦೧೧ರಿಂದ ೨೦೨೦ರ ವರೆಗಿನ ಹತ್ತು ವರುಷಗಳಲ್ಲಿ ಭೂಮಿಯು ಸುಮಾರು ೧.೧ ಡಿಗ್ರಿ ಹೆಚ್ಚು ಕಾದಿತ್ತು. ೨೦೨೪ನೇ ವರುಷದಲ್ಲಿ ಆ ಏರಿಕೆಯು ೧.೫ ಡಿಗ್ರಿಯನ್ನು ಮೀರಿತು. ಒಂದು ಡಿಗ್ರಿ ಎಂದರೆ ಏನು ಮಹಾ ಎಂದು ನೆನಸಬಾರದು. ಮನುಷ್ಯನ ಮೈಗೆ ಒಂದೆರಡು ಡಿಗ್ರಿ ಹೆಚ್ಚಾದರೆ ಅದನ್ನು ಜ್ವರವೆನ್ನುತ್ತೇವೆ.

ಗಾಳಿಯು ಒಂದು ಡಿಗ್ರಿ ಹೆಚ್ಚು ಕಾದರೆ ನೂರಕ್ಕೆ ಸುಮಾರು ಏಳರಷ್ಟು ಹೆಚ್ಚು ನೀರಾವಿಯನ್ನು ಹೊರಬಲ್ಲದು. ಇದರಿಂದ ಒಂದಕ್ಕೊಂದು ವಿರುದ್ಧವಾಗಿ ಕಾಣುವ ಎರಡು ಕೇಡುಗಳು ಒಂದೇ ಬೇರಿನಿಂದ ಹುಟ್ಟುತ್ತವೆ. ಬಾಯಾರಿದ ಗಾಳಿಯು ನೆಲದ ತೇವವನ್ನು ಬೇಗ ಹೀರಿಕೊಳ್ಳುವದರಿಂದ ಬರವು ಕಠಿಣವಾಗುತ್ತದೆ. ಅದೇ ಗಾಳಿಯು ತನ್ನ ಹೊರೆಯನ್ನು ಇಳಿಸುವಾಗ ಒಮ್ಮೆಗೇ ಸುರಿಸುವದರಿಂದ ಮಳೆಯು ಪ್ರಳಯದಂತಾಗುತ್ತದೆ. ೧೯೫೦ರಿಂದ ೨೦೧೫ರೊಳಗೆ ಮಧ್ಯಭಾರತದಲ್ಲಿ, ಬಹು ವಿಸ್ತಾರವಾದ ಸೀಮೆಯ ಮೇಲೆ ಸುರಿಯುವ ಅತಿವೃಷ್ಟಿಗಳು ಸುಮಾರು ಮೂರರಷ್ಟಾದವೆಂದು ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳೂ ಅವರ ಸಂಗಡಿಗರೂ ೨೦೧೭ರಲ್ಲಿ ತೋರಿಸಿದರು. ಅದೇ ಕಾಲದಲ್ಲಿ ಅಲ್ಲಿಯ ಒಟ್ಟು ಮುಂಗಾರು ಮಳೆಯು ಕಡಿಮೆಯಾಗುತ್ತಿತ್ತು. ನಮ್ಮ ರಾಜ್ಯವೂ ಈ ಎರಡನ್ನು ಹತ್ತಿರ ಹತ್ತಿರವಾಗಿ ಕಂಡಿತು. ೨೦೧೮ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿ ಬಿದ್ದವು. ೨೦೧೯ರ ಆಗಸ್ಟಿನಲ್ಲಿ ಬೆಳಗಾವಿ, ಬಾಗಲಕೋಟೆ ಸೀಮೆಗಳಲ್ಲಿ ಕೃಷ್ಣೆಯೂ ಮಲಪ್ರಭೆಯೂ ಊರೊಳಗೆ ನುಗ್ಗಿದವು. ೨೦೨೩ರಲ್ಲಿಯಾದರೋ ೨೩೬ ತಾಲೂಕುಗಳಲ್ಲಿ ೨೨೩ನ್ನು ಸರಕಾರವು ಬರಪೀಡಿತವೆಂದು ಸಾರಬೇಕಾಯಿತು.

ಇಲ್ಲಿ ಒಂದು ಎಚ್ಚರಿಕೆಯು ಬೇಕು. ಒಂದೊಂದು ಮಳೆಯನ್ನೂ ಒಂದೊಂದು ಬರವನ್ನೂ ತೋರಿಸಿ, ಇದೆಲ್ಲಾ ಈ ವಾಯುವಿನಿಂದಲೇ ಆಯಿತೆಂದು ಹೇಳುವದು ಸತ್ಯಕ್ಕೆ ಮೀರಿದ ಮಾತು. ಬರವೂ ನೆರೆಯೂ ಹಿಂದೆಯೂ ಇದ್ದವು. ಗುಡ್ಡದ ಮೈಯನ್ನು ಕಡಿದು ಸಡಿಲಮಾಡಿದ್ದೂ, ಕೆರೆಗಳನ್ನು ಹೂಳು ತುಂಬಲು ಬಿಟ್ಟದ್ದೂ ಕೇಡನ್ನು ಹೆಚ್ಚಿಸಿವೆ. ಆದರೆ ತಕ್ಕಡಿಯ ಒಂದು ತಟ್ಟೆಗೆ ಕಲ್ಲನ್ನು ಕಟ್ಟಿದರೆ ಅದು ಪ್ರತಿಸಾರಿಯೂ ಆ ಕಡೆಗೇ ವಾಲುವದಲ್ಲವೇ? ನಾವು ಆಕಾಶಕ್ಕೆ ಏರಿಸಿದ ಹೊಗೆಯು ಅಂಥ ಕಲ್ಲು. ಸಮುದ್ರವು ಹೆಚ್ಚಿನ ಕಾವಿನಲ್ಲಿ ನೂರಕ್ಕೆ ತೊಂಬತ್ತರಷ್ಟನ್ನು ತಾನೇ ನುಂಗಿಕೊಂಡಿದೆ. ಕಾದ ನೀರು ಹಿಗ್ಗುವದರಿಂದಲೂ ಮಂಜುಗಡ್ಡೆ ಕರಗುವದರಿಂದಲೂ ೧೯೦೧ರಿಂದ ೨೦೧೮ರೊಳಗೆ ಲೋಕದ ಸಮುದ್ರಮಟ್ಟವು ಸುಮಾರು ೨೦ ಸೆಂಟಿಮೀಟರು, ಅಂದರೆ ಒಂದು ಗೇಣಿನಷ್ಟು, ಏರಿತು. ಕರಾವಳಿಯಲ್ಲಿ ಮನೆ ಕಟ್ಟಿರುವ ಬೆಸ್ತರಿಗೆ ಒಂದು ಗೇಣು ಅಲ್ಪವಲ್ಲ.

ನಾಲ್ಕನೆಯದು: ಮೊದಲು ಹೇಳಿದ ಮೂರು ಮಾತುಗಳಿಗೆ ಉತ್ತರವೇನು.

"ಯಾರೋ ಪಾಪಮಾಡಿದ್ದರಿಂದ ಈ ಊರಿಗೆ ಬರ ಬಂತು" ಅನ್ನುವವರಿಗೆ ನಾವು ಹೇಳುವದೇನಂದರೆ: ಗೋಪುರವು ಬಿದ್ದು ಹದಿನೆಂಟು ಮಂದಿ ಸತ್ತ ಸುದ್ದಿಯ ವಿಷಯದಲ್ಲಿ ಕರ್ತನು ಏನು ತೀರ್ಪು ಕೊಟ್ಟನೆಂಬದನ್ನು ಸುವಾರ್ತೆಯಲ್ಲಿ ಓದಿಕೊಳ್ಳಿರಿ. ಸತ್ತವರು ಮಿಕ್ಕವರಿಗಿಂತ ಹೆಚ್ಚು ಪಾಪಿಗಳೆಂಬ ಮಾತನ್ನು ಆತನು ಒಪ್ಪಲಿಲ್ಲ. ಕೇಳುವವರೇ ತಮ್ಮ ನಡತೆಯನ್ನು ತಿದ್ದಿಕೊಳ್ಳಬೇಕೆಂದನು. ವಿಧವೆಯ ಮೇಲೆಯೂ, ಹೊಸದಾಗಿ ಊರಿಗೆ ಬಂದವನ ಮೇಲೆಯೂ, ಬೇರೆ ಮತದ ನೆರೆಯವನ ಮೇಲೆಯೂ ಮಳೆ ಹೋದ ತಪ್ಪನ್ನು ಹೊರಿಸುವವನು ಸುಳ್ಳುಸಾಕ್ಷಿಯನ್ನು ಹೇಳುತ್ತಾನೆ. ಈ ಕಾವಿನ ಕಾರಣವು ತಿಳಿದಿದೆ, ಅಳೆದಾಗಿದೆ, ಲೆಕ್ಕದಲ್ಲಿ ಬರೆದಿದೆ. ತಿಳಿದ ಕಾರಣವನ್ನು ಬಿಟ್ಟು ತಿಳಿಯದ ಶಾಪವನ್ನು ಹುಡುಕಬಾರದು.

"ಕಡೇ ದಿವಸಗಳು ಬಂದವು, ಇನ್ನೇನು ಕೆಲಸ?" ಅನ್ನುವವರು ಯೋಸೇಫನನ್ನು ಜ್ಞಾಪಿಸಿಕೊಳ್ಳಲಿ. ಏಳು ವರುಷ ಬರ ಬರುವದೆಂದು ಆತನಿಗೆ ನಿಶ್ಚಯವಾಗಿ ಗೊತ್ತಿತ್ತು. ಗೊತ್ತಿದ್ದದರಿಂದಲೇ ಆತನು ಕಣಜಗಳನ್ನು ಕಟ್ಟಿಸಿದನು. ಐಗುಪ್ತದವರಿಗೂ ಸುತ್ತಲಿನ ದೇಶದವರಿಗೂ ಅನ್ನವನ್ನು ಉಳಿಸಿದನು. ಇದಕ್ಕೆ ಎದುರಾಗಿ, "ಬಿತ್ತನೆಯೂ ಸುಗ್ಗಿಯೂ ನಿಲ್ಲುವದಿಲ್ಲವೆಂದು ದೇವರು ನೋಹನಿಗೆ ಮಾತುಕೊಟ್ಟನಲ್ಲಾ, ನಮಗೆ ಯಾಕೆ ಚಿಂತೆ?" ಅನ್ನುವವರೂ ಉಂಟು. ದೇವರ ಮಾತು ಸ್ಥಿರವಾದದ್ದೇ. ಆದರೆ ಸುಗ್ಗಿಯು ಬರುವದೆಂಬ ವಾಗ್ದಾನವು ಉಳದೆ ಕೂತ ಸೋಮಾರಿಯ ಹೊಲಕ್ಕೆ ಬೆಳೆಯನ್ನು ಕೊಡುವದಿಲ್ಲ. ಕಾಲಗಳ ಕ್ರಮವನ್ನು ದೇವರು ಇಟ್ಟನು. ತೋಟವನ್ನು ವ್ಯವಸಾಯಮಾಡಿ ಕಾಯುವ ಕೆಲಸವನ್ನು ಮನುಷ್ಯನಿಗೆ ಒಪ್ಪಿಸಿದನು. ಒಪ್ಪಿಸಲ್ಪಟ್ಟವನು ಯಜಮಾನನಲ್ಲ, ಮನೆವಾರ್ತೆಯವನು. ಮನೆವಾರ್ತೆಯವನಿಂದ ಒಂದು ದಿವಸ ಲೆಕ್ಕವನ್ನು ಕೇಳುವರು.

"ಇದು ದೊಡ್ಡವರ ಕೆಲಸ" ಎಂಬ ಮೂರನೆಯ ಮಾತಿನಲ್ಲಿ ಸತ್ಯವು ಹೆಚ್ಚಾಗಿ ಉಂಟು, ಅದನ್ನು ಮರೆಮಾಡಬಾರದು. ಅಮೇರಿಕ ಸಂಯುಕ್ತ ಸಂಸ್ಥಾನದಲ್ಲಿ ತಲೆಗೆ ವರುಷಕ್ಕೆ ಸುಮಾರು ೧೪ ಟನ್ ಇಂಗಾಲಾಮ್ಲ ಹುಟ್ಟುತ್ತದೆ. ನಮ್ಮ ದೇಶದಲ್ಲಿ ತಲೆಗೆ ಸುಮಾರು ೨ ಟನ್. ನಮ್ಮ ದೇಶದೊಳಗೂ ಪಟ್ಟಣದ ಧನವಂತನ ಪಾಲು ಒಂದು, ಎರಡು ದೀಪ ಉರಿಯುವ ಗುಡಿಸಲಿನ ಪಾಲು ಮತ್ತೊಂದು. ಕಡಿಮೆ ಉರಿಸಿದವನೇ ಹೆಚ್ಚು ಬೇಯುತ್ತಾನೆ. ಇದು ಅನ್ಯಾಯ, ಅನ್ಯಾಯವನ್ನು ಅನ್ಯಾಯವೆಂದೇ ಹೇಳಬೇಕು. ಬಾಗಿಲಲ್ಲಿ ಬಿದ್ದಿದ್ದ ಲಾಜರನನ್ನು ಐಶ್ವರ್ಯವಂತನು ಹೊಡೆದನೆಂದು ಸುವಾರ್ತೆಯು ಹೇಳುವದಿಲ್ಲ. ಅವನು ಅವನನ್ನು ಲಕ್ಷಿಸಲಿಲ್ಲ, ಅಷ್ಟೇ. ದೂರದಲ್ಲಿ ಬಿಟ್ಟ ಹೊಗೆಯು ಯಾರ ಬಾಗಿಲನ್ನು ಮುಟ್ಟೀತೆಂದು ಲಕ್ಷಿಸದೆ ಇರುವದೂ ಅದೇ ದೋಷ. ದೊಡ್ಡ ದೇಶಗಳ ಮನಸ್ಸಾಕ್ಷಿಯು ಪೂರ್ತಿ ಸತ್ತಿಲ್ಲವೆಂಬದಕ್ಕೆ ಕೆಲವು ಗುರುತುಗಳುಂಟು. ೨೦೧೫ರಲ್ಲಿ ಪ್ಯಾರಿಸಿನಲ್ಲಿ ಕೂಡಿದ ದೇಶಗಳು, ಕಾವಿನ ಏರಿಕೆಯನ್ನು ೨ ಡಿಗ್ರಿಗಿಂತ ಸಾಕಷ್ಟು ಕೆಳಗೆ ತಡೆಯುವದಕ್ಕೂ ೧.೫ ಡಿಗ್ರಿಯೊಳಗೆ ಇಡಲು ಯತ್ನಿಸುವದಕ್ಕೂ ಒಪ್ಪಿದವು. ಕಷ್ಟಪಟ್ಟ ಬಡದೇಶಗಳ ನಷ್ಟಕ್ಕೆ ಸಹಾಯವಾಗಿ ಒಂದು ನಿಧಿಯನ್ನು ಇಡಬೇಕೆಂದು ೨೦೨೨ರಲ್ಲಿ ಐಗುಪ್ತ ದೇಶದ ಶರ್ಮ್ ಎಲ್ ಶೇಖ್ ಎಂಬಲ್ಲಿ ತೀರ್ಮಾನವಾಯಿತು. ಆದರೆ ಒಪ್ಪಿಕೊಂಡದ್ದೂ ನಡೆಸಿದ್ದೂ ಒಂದೇ ಅಲ್ಲ.

ಹಾಗಾದರೆ ನಮ್ಮ ಪಾಲೇನು? ನಮ್ಮ ತಪ್ಪು ಕಡಿಮೆ ಎಂಬದರಿಂದ ನಮ್ಮ ಕರ್ತವ್ಯವು ಇಲ್ಲವಾಗುವದಿಲ್ಲ. ತಮ್ಮನ ವಿಷಯವಾಗಿ ಕೇಳಿದಾಗ ಕಾಯಿನನು ಜಾರಿಕೊಳ್ಳಲು ನೋಡಿದನು. ಆ ಉತ್ತರವು ನಮ್ಮ ಬಾಯಲ್ಲಿ ಬರಬಾರದು. ನಮ್ಮ ಕೈಗೆ ಎಟಕುವ ಕೆಲವು ಕೆಲಸಗಳನ್ನು ಇಲ್ಲಿ ಬರೆಯುತ್ತೇವೆ.

ಹೊಲದ ವಿಷಯದಲ್ಲಿ: ನೀರು ಸದಾ ನಿಂತ ಗದ್ದೆಯ ಕೆಸರಿನಲ್ಲಿ ಮೀಥೇನ್ ಎಂಬ ವಾಯು ಹುಟ್ಟುತ್ತದೆ. ಅದು ಗಾಳಿಯಲ್ಲಿ ಹನ್ನೆರಡು ವರುಷದಷ್ಟೇ ನಿಲ್ಲುವದಾದರೂ, ಇಪ್ಪತ್ತು ವರುಷದ ಲೆಕ್ಕದಲ್ಲಿ ಅಷ್ಟೇ ತೂಕದ ಇಂಗಾಲಾಮ್ಲಕ್ಕಿಂತ ಸುಮಾರು ೮೦ ಪಾಲು ಹೆಚ್ಚು ಕಾವನ್ನು ಹಿಡಿಯುತ್ತದೆ. ನೀರನ್ನು ಹಿಡಿತದಲ್ಲಿಡಬಲ್ಲ ಕಡೆಯಲ್ಲಿ ಗದ್ದೆಯನ್ನು ನಡುನಡುವೆ ಆರಲು ಬಿಟ್ಟು ತಿರುಗಿ ನೀರು ಕಟ್ಟಿದರೆ ಈ ವಾಯುವು ಬಹಳ ಮಟ್ಟಿಗೆ ತಗ್ಗುತ್ತದೆ, ನೀರೂ ಉಳಿಯುತ್ತದೆ. ಯೂರಿಯಾವನ್ನು ಬೆಳೆಗೆ ಬೇಕಾದದ್ದಕ್ಕಿಂತ ಹೆಚ್ಚು ಸುರಿದರೆ ನೈಟ್ರಸ್ ಆಕ್ಸೈಡ್ ಏಳುತ್ತದೆ. ಅದು ನೂರು ವರುಷದ ಲೆಕ್ಕದಲ್ಲಿ ಇಂಗಾಲಾಮ್ಲಕ್ಕಿಂತ ಸುಮಾರು ೨೭೦ ಪಾಲು ಬಲವುಳ್ಳದ್ದು. ಮಣ್ಣನ್ನು ಪರೀಕ್ಷೆಮಾಡಿಸಿ ಹಾಕುವವನಿಗೆ ಹಣವೂ ಮಿಗುತ್ತದೆ. ಕೊಯ್ದ ಹೊಲದ ಕೂಳೆಯನ್ನು ಸುಡದೆ ಗೊಬ್ಬರಮಾಡಬೇಕು.

ಒಲೆಯ ವಿಷಯದಲ್ಲಿ: ಸಗಣಿಯ ಗುಂಡಿಯಿಂದ ಹಾಗೆಯೇ ಏಳುವ ಮೀಥೇನನ್ನು ಗೋಬರ್ ಗ್ಯಾಸಿನ ತೊಟ್ಟಿಯಲ್ಲಿ ಹಿಡಿದು ಉರಿಸಿದರೆ ಅಡಿಗೆಯೂ ಆಗುತ್ತದೆ, ಕಾವಿನ ಬಲವೂ ತಗ್ಗುತ್ತದೆ, ತೊಟ್ಟಿಯ ರಾಡಿಯು ಹೊಲಕ್ಕೆ ಗೊಬ್ಬರವಾಗುತ್ತದೆ. ಕಟ್ಟಿಗೆ ಉರಿಸಲೇಬೇಕಾದವರಿಗಾಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಅಸ್ತ್ರ ಒಲೆ ಎಂಬ ಕಡಿಮೆ ಕಟ್ಟಿಗೆಯ ಒಲೆಯನ್ನು ೧೯೮೦ರ ದಶಕದಲ್ಲಿ ಊರೂರಿಗೆ ಪರಿಚಯಿಸಿದರು. ಒಲೆಯ ಹೊಗೆಯಿಂದ ಕಣ್ಣೂ ಎದೆಯೂ ಕೆಟ್ಟ ತಾಯಂದಿರಿಗೆ ಇದರ ಉಪಕಾರವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಊರಿನ ವಿಷಯದಲ್ಲಿ: ಕೆರೆಯ ಹೂಳೆತ್ತುವದು, ಬದು ಹಾಕುವದು, ಹಳ್ಳದ ದಡದಲ್ಲಿ ಹೊಂಗೆ ಹುಣಿಸೆಗಳನ್ನು ಬೆಳೆಸುವದು, ಬರವನ್ನು ತಾಳುವ ಸಜ್ಜೆ, ನವಣೆ, ರಾಗಿಯ ಬೀಜವನ್ನು ಮನೆಯಲ್ಲಿ ಉಳಿಸುವದು, ಇವೆಲ್ಲಾ ನಮ್ಮ ಹಿರಿಯರಿಗೆ ಗೊತ್ತಿದ್ದ ಕಾರ್ಯಗಳೇ. ಗ್ರಾಮಸಭೆಯಲ್ಲಿ ಬಾಯಿ ಮುಚ್ಚಿ ಕೂರದೆ ಇವುಗಳನ್ನು ಕೇಳಿ ಮಾಡಿಸಬೇಕು. ಬೇಸಿಗೆಯ ಮಧ್ಯಾಹ್ನದಲ್ಲಿ ಕೂಲಿಯವರನ್ನು ಬಿಸಿಲಿಗೆ ನಿಲ್ಲಿಸದೆ ಬೆಳಿಗ್ಗೆ ಸಂಜೆ ಕೆಲಸಮಾಡಿಸಬೇಕು. ವಯಸ್ಸಾದವರ ಮನೆಗೆ ಹೋಗಿ ನೀರು ಕುಡಿದರೋ ಎಂದು ವಿಚಾರಿಸಬೇಕು. ಹೊಳೆ ಏರುವ ಸುದ್ದಿಯು ತನ್ನ ಫೋನಿಗೆ ಬಂದವನು ಫೋನಿಲ್ಲದ ನೆರೆಯವನ ಬಾಗಿಲನ್ನು ತಟ್ಟಬೇಕು.

ದೇಶದ ವಿಷಯದಲ್ಲಿ: ನಮ್ಮ ಮನೆಯ ದೀಪಕ್ಕೆ ಬರುವ ವಿದ್ಯುತ್ತಿನಲ್ಲಿ ಒಂದು ಪಾಲು ರಾಯಚೂರಿನ ಶಕ್ತಿನಗರದಂಥ ಸ್ಥಾವರಗಳಲ್ಲಿ ಕಲ್ಲಿದ್ದಲನ್ನು ಸುಟ್ಟು ಬಂದದ್ದು. ಮತ್ತೊಂದು ಪಾಲು ಸೂರ್ಯನಿಂದ ಬರತೊಡಗಿದೆ. ಬರದ ಸೀಮೆಯಾದ ಪಾವಗಡದಲ್ಲಿ ಒಕ್ಕಲಿಗರು ಗುತ್ತಿಗೆಗೆ ಕೊಟ್ಟ ಸುಮಾರು ೧೩,೦೦೦ ಎಕರೆ ನೆಲದ ಮೇಲೆ ೨,೦೫೦ ಮೆಗಾವ್ಯಾಟಿನ ಸೌರ ಸ್ಥಾವರವು ಎದ್ದಿತು. ಪೈರನ್ನು ಸುಟ್ಟ ಬಿಸಿಲೇ ಅಲ್ಲಿ ದೀಪವಾಯಿತು. ಇಂಥ ಕೆಲಸವನ್ನು ನಾವು ಮೆಚ್ಚಬೇಕು. ಮೆಚ್ಚುವಾಗಲೇ, ಗುತ್ತಿಗೆಗೆ ಕೊಡಲು ನೆಲವಿಲ್ಲದ ಕೂಲಿಯವನಿಗೂ ಕುರಿ ಮೇಯಿಸುವವನಿಗೂ ಅದರಲ್ಲಿ ಪಾಲೇನು ಎಂದು ಕೇಳುವದನ್ನು ಬಿಡಬಾರದು.

"ಇಷ್ಟು ದೊಡ್ಡ ಕೇಡು ಎಂದಾದರೂ ತಿರುಗೀತೋ?" ಎಂದು ಎದೆಗುಂದುವವರಿಗೆ ಒಂದು ಮಾತು. ತಂಪುಪೆಟ್ಟಿಗೆಗಳಲ್ಲಿ ತುಂಬುತ್ತಿದ್ದ ಕೆಲವು ವಾಯುಗಳು ಆಕಾಶದ ಓಜೋನ್ ಪದರವನ್ನು ತೂತುಮಾಡುತ್ತಿದ್ದವು. ಅವು ಕಾವನ್ನು ಹಿಡಿಯುವದರಲ್ಲಿಯೂ ಬಹು ಬಲವಾದವುಗಳು. ೧೯೮೭ರಲ್ಲಿ ಮಾಂಟ್ರಿಯಲ್ ಪಟ್ಟಣದಲ್ಲಿ ಅವುಗಳನ್ನು ತಗ್ಗಿಸುವ ಒಡಂಬಡಿಕೆಯಾಯಿತು. ಕ್ರಮೇಣ ಲೋಕದ ಎಲ್ಲಾ ದೇಶಗಳೂ ಅದಕ್ಕೆ ಕೈಹಾಕಿದವು. ಆ ವಾಯುಗಳು ತಗ್ಗುತ್ತಾ ಬಂದಿವೆ. ಪದರವು ವಾಸಿಯಾಗುತ್ತಾ ಬಂದಿದೆ. ಮನುಷ್ಯರು ಕೆಡಿಸಿದ್ದನ್ನು ಮನುಷ್ಯರು ನಿಲ್ಲಿಸಬಲ್ಲರೆಂಬದಕ್ಕೆ ಇದು ನಮ್ಮ ಕಾಲದ ಸಾಕ್ಷಿ. ಇಂಗಾಲಾಮ್ಲದ ಕೆಲಸವು ಅದಕ್ಕಿಂತ ಬಹಳ ಕಠಿಣವಾದದ್ದು ನಿಜ. ಆದಾಗ್ಯೂ ತಡೆದ ಒಂದೊಂದು ಅಂಶದ ಕಾವೂ ಯಾವದೋ ಒಂದು ಹೊಲವನ್ನು, ಯಾವದೋ ಒಂದು ಮಗುವನ್ನು ಉಳಿಸುವದು. ಎಲ್ಲವನ್ನೂ ಮಾಡಲಾರೆವೆಂದು ಏನನ್ನೂ ಮಾಡದೆ ಇರುವದು ನಂಬಿಗಸ್ತನ ಲಕ್ಷಣವಲ್ಲ.

ಪ್ರಿಯರೇ, ಬಿಸಿಲೂ ಮಳೆಯೂ ಒಳ್ಳೆಯವರ ಮೇಲೆಯೂ ಕೆಟ್ಟವರ ಮೇಲೆಯೂ ಒಂದೇ ಸಮನಾಗಿ ಬೀಳುತ್ತವೆ. ಗಾಳಿಗೆ ಬೇಲಿ ಹಾಕಿದವರಿಲ್ಲ. ಒಬ್ಬನು ಬಿಟ್ಟ ಉಸಿರನ್ನು ಮತ್ತೊಬ್ಬನು ಎಳೆದುಕೊಳ್ಳುತ್ತಾನೆ. ಆದದರಿಂದ ಈ ಬೇಸಿಗೆಯಲ್ಲಿ ಪ್ರತಿ ಸಭೆಯವರೂ ಆರಾಧನೆಯ ತರುವಾಯ ಅರ್ಧ ಗಳಿಗೆ ಕೂತು, ನಮ್ಮ ಕೆರೆಯು ಎಷ್ಟು ಹೂಳಿದೆ, ಮಳೆಗಾಲಕ್ಕೆ ಮುಂಚೆ ಯಾರ ಮನೆಯ ಗೋಡೆಯನ್ನು ಭದ್ರಮಾಡಬೇಕು, ಯಾರ ಒಲೆಯು ಹೆಚ್ಚು ಹೊಗೆಯುತ್ತದೆ ಎಂಬ ಮೂರು ಪ್ರಶ್ನೆಗಳನ್ನು ವಿಚಾರಿಸಿ, ಒಂದನ್ನಾದರೂ ಕೈಗೆತ್ತಿಕೊಳ್ಳಬೇಕೆಂದು ಬೇಡಿಕೊಳ್ಳುತ್ತೇವೆ. ಬೇರೆ ಮತದ ನೆರೆಯವರನ್ನೂ ಈ ಕೆಲಸಕ್ಕೆ ಕರೆಯಿರಿ. ಕೆರೆಯ ನೀರು ಎಲ್ಲರದು. ನಮಗೆ ಒಪ್ಪಿಸಲ್ಪಟ್ಟ ಅಲ್ಪವಾದದ್ದರಲ್ಲಿ ನಂಬಿಗಸ್ತರಾಗಿರುವದಕ್ಕೆ ಬೇಕಾದ ಬುದ್ಧಿಯನ್ನೂ ಬಲವನ್ನೂ ಸೃಷ್ಟಿಕರ್ತನು ನಮ್ಮೆಲ್ಲರಿಗೆ ದಯಪಾಲಿಸಲಿ. ಆಮೆನ್.